ಎಂಟನೇ ಫಾರಂ

ಬೈಂಡಿಂಗ್ ಮನೆ
ಗುರುವಾರ, ನವೆಂಬರ್ ೨೧, ಮಧ್ಯಾಹ್ನದ ಬಿಡುವು

ನನ್ನ ಏಜೆಂಟಮ್ಮನಿಗೆ,

ನೀನು ಚೆನ್ನಾಗಿದ್ದೀಯ ಅಂತ ಗೊತ್ತು, ಆದ್ದರಿಂದ ಕೇಳುವುದಿಲ್ಲ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕಾದಂಬರಿಯ ಬಿಡುಗಡೆ ಇಟ್ಟುಕೊಂಡವಳು ಚೆನ್ನಾಗಿಲ್ಲದೆ ಇನ್ನು ಹೇಗಿರುತ್ತಾಳೆ? ನನ್ನ ಕ್ಷೇಮಸಮಾಚಾರ ಈ ಪತ್ರದ ಕೊನೆ ಮುಟ್ಟುವ ಹೊತ್ತಿಗೆ ನಿನಗೇ ತಿಳಿಯುತ್ತದೆ.

ಮೊದಲು ಕೆಲಸದ ವಿಷಯ. ನಿನ್ನ ಕಾದಂಬರಿಯ ಸಾವಿರ ಪ್ರತಿಗಳ ಬೈಂಡಿಂಗ್ ಇವತ್ತು ಬೆಳಿಗ್ಗೆ ಮುಗಿಯಿತು. ಹನ್ನೆರಡು ಫಾರಂ, ನೂರತೊಂಬತ್ತೆರಡು ಪುಟ, ನೂಲಿನ ಹೊಲಿಗೆ, ಗಟ್ಟಿ ರಟ್ಟು. ಒಂಬೈನೂರ ತೊಂಬತ್ತೊಂಬತ್ತು ಪ್ರತಿಗಳನ್ನು ಇಪ್ಪತ್ತಿಪ್ಪತ್ತರಂತೆ ಕಟ್ಟು ಮಾಡಿ, ಕೊನೆಯ ಕಟ್ಟಿನಲ್ಲಿ ಒಂದು ಕಡಿಮೆ ಇಟ್ಟು, ನಿಮ್ಮ ಪ್ರಕಾಶನದ ಗೋದಾಮಿಗೆ ಕಳಿಸಿದ್ದೇನೆ. ಆ ಉಳಿದ ಒಂದು ಈ ಪತ್ರದ ಜೊತೆ ನಿನ್ನ ಮನೆಗೆ ಬರುತ್ತಿದೆ. ಮೊದಲ ಪ್ರತಿ ಬರೆದವರ ಕೈ ಸೇರಬೇಕು ಅನ್ನುವುದು ನಮ್ಮ ಹಳೇ ಯಜಮಾನರ ಪದ್ಧತಿ, ನಿನಗೂ ನೆನಪಿರಬೇಕು. ಕಂದು ಕಾಗದ ಸುತ್ತಿ ನನ್ನ ಕೈಯ ಗಂಟನ್ನೇ ಹಾಕಿದ್ದೇನೆ. ಅದು ಓಡಿಹೋಗುವುದಿಲ್ಲ, ಪಕ್ಕಕ್ಕಿಟ್ಟು ಮೊದಲು ಪತ್ರ ಓದು.

ಹಳೇ ಯಜಮಾನರ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ನನ್ನ ಲೆಕ್ಕ ಯಾವತ್ತೂ ಮೊದಲನೇ ಸಾಲಿನಿಂದ.

ಆಗ ನಿನಗೆ ಹತ್ತೊಂಬತ್ತು, ನನಗೆ ಇಪ್ಪತ್ತು. ಇದೇ ಉದ್ದನೆಯ ಮೇಜು, ಇದೇ ತಗಡಿನ ಮಾಡು. ಮುದ್ರಣದ ಮನೆಯಿಂದ ಚಾಪೆಯಷ್ಟು ದೊಡ್ಡ ಹಾಳೆಗಳು ಬರುತ್ತಿದ್ದವು, ಒಂದು ಮಗ್ಗುಲಿಗೆ ಎಂಟು ಪುಟ, ಹಿಂಬದಿಗೆ ಎಂಟು ಪುಟ. ಮಡಿಚಿದರೆ ಹದಿನಾರು ಪುಟದ ಒಂದು ಫಾರಂ. ಫಾರಂಗಳ ರಾಶಿಯನ್ನು ಮೇಜಿನ ಸುತ್ತ ಸಾಲಾಗಿ ಇಟ್ಟು, ನಾವು ಸುತ್ತುತ್ತ ಒಂದೊಂದು ರಾಶಿಯಿಂದ ಒಂದೊಂದನ್ನು ಎತ್ತಿ ಕೈಯಲ್ಲಿ ಜೋಡಿಸಿಕೊಳ್ಳುತ್ತಿದ್ದೆವು. ಒಂದು ಸುತ್ತಿಗೆ ಒಂದು ಪುಸ್ತಕ. ದೊಡ್ಡ ಕುರ್ಚಿಯಲ್ಲಿ ಕೂತು ಕೂತು ಇದೆಲ್ಲ ಮರೆತಿರಬಹುದು ಅಂತ ನೆನಪಿಸುತ್ತಿದ್ದೇನೆ, ಮುಂದೆ ಬೇಕಾಗುತ್ತದೆ.

ಒಂದು ದಿನ ಶಾಲೆಯ ರೇಖಾಗಣಿತದ ಪುಸ್ತಕ ಜೋಡಿಸುವಾಗ ನೀನು ಯಾವುದೋ ಕನಸಿನಲ್ಲಿ ಪಕ್ಕದ ಮೇಜಿನ ರಾಶಿಯನ್ನು ಎತ್ತಿ ತಂದಿಟ್ಟುಕೊಂಡೆ. ಅಳತೆ ಒಂದೇ, ಕಾಗದ ಒಂದೇ, ಯಾರಿಗೂ ಗೊತ್ತಾಗಲಿಲ್ಲ. ಇನ್ನೂರು ರೇಖಾಗಣಿತದ ಪುಸ್ತಕಗಳಿಗೆ ಎಂಟನೇ ಫಾರಂ ಜೇನು ಸಾಕಣೆಯದು ಸೇರಿಹೋಯಿತು. ತ್ರಿಕೋನದ ಮೂರು ಕೋನಗಳನ್ನು ಕೂಡಿಸಿದರೆ ಅಂತ ಪುಟ ಮುಗಿದರೆ, ಮಗ್ಗುಲಲ್ಲಿ ಗೂಡಿಗೆ ಹೊಗೆ ಹಾಕುವ ಕ್ರಮ. ಪುಸ್ತಕ ವಾಪಸ್ಸು ಬಂದವು. ಯಜಮಾನರು ಮೇಜಿನ ತುದಿಯಲ್ಲಿ ನಿಂತು, ಈ ಘನಕಾರ್ಯ ಯಾರದ್ದು ಅಂತ ಕೇಳಿದರು. ನಿನ್ನ ಮುಖ ಸುಣ್ಣದಂತಾಗಿತ್ತು. ನಿಮ್ಮಪ್ಪ ಹಾಸಿಗೆ ಹಿಡಿದಿದ್ದರು, ಕೆಲಸ ಹೋದರೆ ನಿಮ್ಮ ಮನೆಯಲ್ಲಿ ಒಲೆ ಉರಿಯುವುದಿಲ್ಲ ಅಂತ ನನಗೆ ಗೊತ್ತಿತ್ತು. ನಂದೇ ಸಾರ್, ಅಂದೆ ನಾನು.

ಒಂದು ತಿಂಗಳು ನನ್ನನ್ನು ಗೇಟಿನೊಳಗೆ ಬಿಡಲಿಲ್ಲ. ವಾಪಸ್ಸು ತೆಗೆದುಕೊಂಡ ಮೇಲೆ ಗೋಂದು ಕುದಿಸುವ ಮೂಲೆಗೆ ಹಾಕಿದರು. ಅವತ್ತಿನಿಂದ ನನ್ನ ಹೆಸರು ಜೇನು. ಇವತ್ತಿಗೂ ಕೆಲಸದವರು ಜೇನಕ್ಕ ಅಂತಲೇ ಕರೆಯುವುದು. ಆ ತಪ್ಪು ನಿಜಕ್ಕೂ ಯಾರದ್ದು ಅಂತ ಗೊತ್ತಿರುವವರು ನಾವಿಬ್ಬರೇ. ನೀನು ಮೇಜಿನಲ್ಲೇ ಉಳಿದೆ. ಮರುವರ್ಷ ಯಜಮಾನರು, ತಪ್ಪಿಲ್ಲದ ಕೈ ಅಂತ ಶಿಫಾರಸು ಬರೆದು ನಿನ್ನನ್ನು ಪ್ರಕಾಶನಕ್ಕೆ ಕರಡು ತಿದ್ದಲು ಕಳಿಸಿದರು. ಅಲ್ಲಿಂದ ನೀನು ಹಸ್ತಪ್ರತಿ ಆರಿಸುವ ಕುರ್ಚಿಯ ತನಕ ಏರಿದೆ. ನಾನು ಗೋಂದಿನ ಮೂಲೆಯಿಂದ ಎದ್ದು ಈ ಬೈಂಡಿಂಗ್ ಮನೆಯ ಯಜಮಾನಿಯಾದೆ. ಇಬ್ಬರೂ ಏರಿದೆವು, ಸಂತೋಷ. ಮೆಟ್ಟಿಲು ಯಾರ ಬೆನ್ನಿನದು ಅನ್ನುವುದನ್ನು ನಾನು ಇಷ್ಟು ವರ್ಷ ಬಾಯಿಬಿಟ್ಟು ಆಡಿರಲಿಲ್ಲ. ಇವತ್ತು ಆಡಿದ್ದೇನೆ.

ಆರು ವರ್ಷದ ಹಿಂದೆ ನಾನೊಂದು ಕಾದಂಬರಿ ಬರೆದೆ. ಬೇರೆಯವರ ಪುಸ್ತಕಗಳ ಅಂಚು ಕತ್ತರಿಸಿ ಉಳಿದ ಕಾಗದದ ಮೇಲೆ, ಗೋಂದು ಒಣಗುವಷ್ಟು ಹೊತ್ತು ಸಿಕ್ಕಾಗ ಬರೆದದ್ದು. ರದ್ದಿ ಅಂಗಡಿಯಲ್ಲಿ ತಕ್ಕಡಿ ಹಿಡಿದು ಹಳೇ ಕಾಗದ ತೂಗುವ ಹೆಂಗಸಿನ ಕಥೆ. ಊರಿನವರ ಪತ್ರ, ಡೈರಿ, ಕೋರ್ಟಿನ ಕಾಗದ ಎಲ್ಲ ಅವಳ ತಕ್ಕಡಿಗೆ ಬರುತ್ತವೆ, ಅವಳು ತೂಗುವ ಮೊದಲು ಓದುತ್ತಾಳೆ. ಅವಳು ಯಾರು ಅಂತ ನಿನಗೆ ಹೇಳಬೇಕಾಗಿಲ್ಲ. ನಮ್ಮಮ್ಮನ ಕೈಯ ತಕ್ಕಡಿಯನ್ನು ನೀನೂ ನೋಡಿದ್ದೀಯ.

ಅದನ್ನು ನಾನೇ ಅಚ್ಚು ಹಾಕಿಸಬೇಕು ಅಂತ ನನ್ನ ಮನಸ್ಸು. ಗೋಡೆಯಾಚೆ ಮುದ್ರಣದ ಮನೆ, ಗೋಡೆಯೀಚೆ ನನ್ನ ಸೂಜಿ ನೂಲು, ಇನ್ನೇನು ಬೇಕು? ನಿನಗೆ ಹೇಳಿದೆ. ನೀನು ನಕ್ಕುಬಿಟ್ಟೆ. ನಿನ್ನ ಮಾತು ನನಗೆ ಬಾಯಿಪಾಠವಾಗಿದೆ. ತಾನೇ ಹಾಕಿಸಿಕೊಂಡ ಪುಸ್ತಕ ಅಂದ್ರೆ ತನ್ನ ಬೆನ್ನು ತಾನೇ ತಟ್ಟಿಕೊಂಡ ಹಾಗೆ ಕಣೇ, ಅಂದೆ ನೀನು. ಅಂಗಡಿಯವನು ಮುಂದೆ ಇಡಲ್ಲ, ಪತ್ರಿಕೆಯವನು ಮುಟ್ಟಲ್ಲ, ಲೈಬ್ರರಿಯವನು ಹೆಸರೂ ಕೇಳಲ್ಲ, ಕೊನೆಗೆ ನಿನ್ನ ಮಂಚದ ಕೆಳಗೇ ಅದು ಸಂಸಾರ ಹೂಡುತ್ತೆ. ಅದೇ ನಮ್ಮ ಮುದ್ರೆ ಬೀಳಲಿ ನೋಡು, ಜನ ಕೈಯೊಡ್ಡಿ ಇಸ್ಕೋತಾರೆ. ನನ್ನಂಥವಳನ್ನ ನಿಮ್ಮ ಮೆಟ್ಟಿಲು ಹತ್ತಿಸೋರು ಯಾರೇ ಅಂತ ನಾನು ಕೇಳಿದ್ದಕ್ಕೆ, ನಾನಿಲ್ವಾ, ನನ್ನನ್ನೇ ನಿನ್ನ ಏಜೆಂಟ್ ಅಂದ್ಕೋ, ಇನ್ಶೂರೆನ್ಸ್ ಏಜೆಂಟ್ ಥರ ಬೆನ್ನು ಬಿಡದೆ ಮಾಡಿಸ್ತೀನಿ, ಅಂದೆ.

ನೀನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನನಗೆ ಉರಿಯುವುದೇ ಅದು. ಅಂಗಡಿಯವನ ಬಗ್ಗೆ, ಲೈಬ್ರರಿಯ ಬಗ್ಗೆ ಅಂದದ್ದೆಲ್ಲ ಸತ್ಯ. ಸುಳ್ಳಿದ್ದದ್ದು ಏಜೆಂಟ್ ಅನ್ನುವ ಒಂದೇ ಮಾತಿನಲ್ಲಿ.

ಹಸ್ತಪ್ರತಿಯನ್ನು ಕೈಯಾರೆ ಹೊಲಿದು ಕಂದು ಕಾಗದದಲ್ಲಿ ಸುತ್ತಿ ನಿನಗೆ ಕೊಟ್ಟೆ. ಆಮೇಲಿನದು ಗೋಡೆಯ ಕ್ಯಾಲೆಂಡರಿನಲ್ಲಿದೆ. ನಾನು ಹಳೇ ಕ್ಯಾಲೆಂಡರ್ ಎಸೆಯುವವಳಲ್ಲ, ನಿನಗೆ ಗೊತ್ತು. ಮೊದಲ ವರ್ಷ ಅಕ್ಟೋಬರ್ ಒಂಬತ್ತು: ಮೊದಲ ಓದುಗರಿಗೆ ಬಹಳ ಹಿಡಿಸಿದೆ. ಎರಡನೇ ವರ್ಷ ಫೆಬ್ರವರಿ: ನಿಮ್ಮ ದೊಡ್ಡವರು, ಅಂದರೆ ಪ್ರಕಾಶನದ ಮಾಲೀಕರು, ಅರ್ಧ ಓದಿದ್ದಾರೆ, ರದ್ದಿ ತೂಗೋಳು ಯಾಕೆ, ಟೀಚರ್ ಮಾಡಕ್ಕಾಗಲ್ವಾ ಅಂತ ಕೇಳ್ತಿದ್ದಾರೆ. ನಾನು ಅವಳ ಕೈಯಿಂದ ತಕ್ಕಡಿ ಕಿತ್ತುಕೊಂಡು ಸೀಮೆಸುಣ್ಣ ಕೊಟ್ಟೆ. ಎಂಟು ತಿಂಗಳು ಹಿಡಿಯಿತು. ಮೂರನೇ ವರ್ಷ: ಕೊನೆ ತುಂಬ ಕತ್ತಲೆ ಆಯ್ತಂತೆ. ಬೆಳಕು ಹಾಕಿದೆ. ನಾಲ್ಕನೇ ವರ್ಷ: ಟೀಚರಿಗಿಂತ ಆ ರದ್ದಿಯವಳೇ ಚೆನ್ನಾಗಿದ್ದಳಂತೆ. ಮತ್ತೆ ತಕ್ಕಡಿ ಕೊಟ್ಟೆ. ಮುನ್ನೂರ ಹನ್ನೊಂದು ಪುಟ ಇದ್ದವಳು ಇನ್ನೂರ ನಲವತ್ತಕ್ಕೆ ಇಳಿದಳು; ಕಾಯಿಲೆ ಬಿದ್ದವರೂ ಅಷ್ಟು ಇಳಿಯುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮ ಪೂಜಾರಿ ದೇವರಿಗೆ ಸುದ್ದಿಯನ್ನೇ ಮುಟ್ಟಿಸಿರಲಿಲ್ಲ ಅಂತ ನನಗೇನು ಗೊತ್ತು?

ಆ ನಾಲ್ಕನೇ ವರ್ಷವೇ ಅಮ್ಮ ಹೋದದ್ದು. ಅವಳಿಗೆ ಓದಲು ಬರುತ್ತಿರಲಿಲ್ಲ, ಕಾಗದದ ತೂಕ ಮಾತ್ರ ಕೈಯಲ್ಲೇ ಹೇಳುತ್ತಿದ್ದಳು. ನಿನ್ನ ಪುಸ್ತಕ ಎಷ್ಟು ತೂಗುತ್ತೆ, ತಂದು ಕೈಯಲ್ಲಿಡು ನೋಡೋಣ, ಅಂತ ವಾರಕ್ಕೊಮ್ಮೆ ಕೇಳುತ್ತಿದ್ದಳು. ನಾನು ಒಂದು ಪ್ರತಿ ಹೊಲಿದು ಅವಳ ಕೈಯಲ್ಲಿಡಲು ಅರ್ಧ ದಿನ ಸಾಕಿತ್ತು. ಇಡಲಿಲ್ಲ. ನಿಮ್ಮ ಮುದ್ರೆ ಬೀಳಲಿ, ಆಮೇಲೆ ಸರಿಯಾದದ್ದನ್ನೇ ಇಡೋಣ ಅಂತ ಕಾದೆ. ಅವಳನ್ನು ಕಳಿಸಿಕೊಟ್ಟ ದಿನ ನೀನು ನಮ್ಮ ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದು, ಮುಂದಿನ ತಿಂಗಳು ಖಂಡಿತ ಆಗುತ್ತೆ, ಅಮ್ಮನಿಗೇ ಅರ್ಪಣೆ ಮಾಡು, ಅಂದೆ. ಈ ಒಂದು ಸಾಲಿಗೆ ಮಾತ್ರ ನನ್ನ ಬಳಿ ರಿಯಾಯಿತಿ ಇಲ್ಲ.

ಐದನೇ ವರ್ಷ ಮೂರನೇ ತಿದ್ದುಪಡಿಯನ್ನು ವಾಪಸ್ಸು ಕೇಳಿದೆ. ಕೊಟ್ಟು ಕಳಿಸಿದೆ ನೀನು. ಕಟ್ಟು ಕೈಗೆ ಬಂದಾಗ ನೋಡುತ್ತೇನೆ, ನನ್ನದೇ ಕಂದು ಕಾಗದ, ನನ್ನದೇ ಗಂಟು. ಈ ಗಂಟನ್ನು ಗೋಂದಿನ ಮೂಲೆಯ ಮುದುಕ ನನಗೊಬ್ಬಳಿಗೇ ಕಲಿಸಿದ್ದು. ಒಂದು ಸಲ ಬಿಚ್ಚಿದವರು ಮತ್ತೆ ಹಾಗೆ ಹಾಕಲಾರರು. ನನಗೆ ಆಗಲೇ ತಿಳಿದಿತ್ತು ಕಣೇ. ತಿಳಿದೂ, ಅವರ ಆಫೀಸಿನಲ್ಲಿ ಯಾರೋ ಜಾಣರು ಇದ್ದಾರೆ, ನೋಡಿ ಹಾಗೇ ಕಟ್ಟಿದ್ದಾರೆ ಅಂತ ನನಗೆ ನಾನೇ ಹೇಳಿಕೊಂಡೆ. ನನ್ನ ತಪ್ಪನ್ನೂ ಬರೆಯುತ್ತಿದ್ದೇನೆ, ಗಮನಿಸು. ನಂಬಬೇಕು ಅಂತ ಕೂತವಳಿಗೆ ಕಣ್ಣೆದುರಿನ ಗಂಟೂ ಕಾಣುವುದಿಲ್ಲ.

ಈಗ ಆಗಸ್ಟಿಗೆ ಬರೋಣ. ನಿಮ್ಮ ಕಚೇರಿಯಿಂದ ಮೂರು ಹಳೇ ದಫ್ತರಗಳು ನನ್ನಲ್ಲಿಗೆ ಹೊಸ ರಟ್ಟು ಹಾಕಿಸಲು ಬಂದವು. ಒಂದು ಹಾಜರಿ, ಒಂದು ಅಂಚೆ, ಇನ್ನೊಂದು ಆವಕ ಪುಸ್ತಕ. ಯಾವ ಹಸ್ತಪ್ರತಿ ಯಾವತ್ತು ಬಂತು, ಯಾರದ್ದು, ಓದಲು ಯಾರಿಗೆ ಕೊಟ್ಟರು, ತೀರ್ಮಾನವೇನು ಅಂತ ಸಾಲು ಸಾಲಾಗಿ ಬರೆಯುವ ಪುಸ್ತಕ. ಬೆನ್ನು ಕಿತ್ತು ಹೋಗಿತ್ತು. ಹನ್ನೊಂದು ವರ್ಷದ ಆವಕ. ನಿನಗೆ ಆ ಪುಸ್ತಕ ನನ್ನಲ್ಲಿಗೆ ಬಂದದ್ದೇ ಗೊತ್ತಿಲ್ಲ. ದಫ್ತರದ ರಟ್ಟಿನಂಥ ಸಣ್ಣ ವಿಷಯ ನಿನ್ನ ಮೇಜಿನ ತನಕ ಬರುವುದಿಲ್ಲವಲ್ಲ. ಬೈಂಡರ್ ಕೈಗೆ ಬಂದ ಪುಸ್ತಕದ ಪ್ರತಿ ಹಾಳೆಯನ್ನೂ ಎಣಿಸಬೇಕು, ಅದು ಕಸುಬು. ಎಣಿಸುತ್ತ ಓದಿದೆ. ಆರು ವರ್ಷದಲ್ಲಿ ಎಂಟುನೂರ ನಲವತ್ತೆರಡು ಹಸ್ತಪ್ರತಿ. ಕವನ ಬರೆದ ದಂತವೈದ್ಯರು ಇದ್ದಾರೆ, ಒಂದೇ ಕಾದಂಬರಿಯನ್ನು ಐದು ಸಲ ಕಳಿಸಿದ ನಿವೃತ್ತ ಸ್ಟೇಷನ್ ಮಾಸ್ತರರಿದ್ದಾರೆ, ಐದು ಸಲವೂ ಯಾರೋ ಓದಿ ಬೇಡ ಅಂತ ಬರೆದಿದ್ದಾರೆ. ನಾನಿಲ್ಲ. ಮೊದಲ ಓದುಗರು ಇಲ್ಲ, ಅರ್ಧ ಓದಿದ ದೊಡ್ಡವರು ಇಲ್ಲ. ತಿರಸ್ಕಾರವಾದರೂ ಒಂದು ಸಾಲು ಹಿಡಿಯುತ್ತದೆ. ನನಗೆ ಅದೂ ಇರಲಿಲ್ಲ.

ಆದರೆ ಕೊನೆಯ ಹಾಳೆಯಲ್ಲಿ ನೀನಿದ್ದೆ. ಮೇ ಹನ್ನೆರಡಕ್ಕೆ ನಿನ್ನ ಕಾದಂಬರಿ ಆವಕ, ಓದಿದ್ದು ದೊಡ್ಡವರು, ಮೇ ಇಪ್ಪತ್ತೊಂದಕ್ಕೆ ಸ್ವೀಕೃತ. ಒಂಬತ್ತು ದಿನ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಟಿಪ್ಪಣಿ: ಈ ಸಾಲಿನ ಹೊಸ ಕಾದಂಬರಿಕಾರ್ತಿ ಇವರೇ. ವರ್ಷಕ್ಕೆ ಒಬ್ಬರೇ ಹೊಸಬರನ್ನು ತೆಗೆದುಕೊಳ್ಳುತ್ತೀರಿ ಅಂತ ನೀನೇ ಒಮ್ಮೆ ಹೇಳಿದ್ದೆ, ಅದು ಆಗ ಅರ್ಥವಾಯಿತು.

ನೀನು ಮೊದಲಿನಿಂದಲೇ ಲೆಕ್ಕ ಹಾಕಿ ಮಾಡಿದೆ ಅಂತ ನಾನು ಹೇಳುವುದಿಲ್ಲ. ನನ್ನ ಅಂದಾಜು ಹೀಗೆ: ಮೊದಲ ವರ್ಷ ಸೋಮಾರಿತನ. ನಾಳೆ ಕೊಟ್ಟರಾಯಿತು ಅಂದುಕೊಂಡೆ, ನಾನು ಫೋನ್ ಮಾಡಿದಾಗ ಬಾಯಿಗೆ ಬಂದದ್ದು ಹೇಳಿದೆ. ಒಂದು ಸುಳ್ಳಿಗೆ ಕಾವಲು ಕಾಯಲು ಇನ್ನೊಂದನ್ನು ನಿಲ್ಲಿಸಿದೆ. ಅಷ್ಟರಲ್ಲಿ ನಿನಗೂ ಬರೆಯುವ ಆಸೆ ಹುಟ್ಟಿತು. ಗೇಟು ಕಾಯುವವಳಿಗೆ ಒಳಗೆ ಕುರ್ಚಿ ಖಾಲಿ ಇದೆ ಅಂತ ಎಲ್ಲರಿಗಿಂತ ಮೊದಲು ಕಾಣುತ್ತದೆ. ಚೆನ್ನಾಗಿಲ್ಲ ಕಣೇ ನಿನ್ನ ಕಾದಂಬರಿ ಅಂತ ಮುಖಕ್ಕೆ ಹೇಳಿದ್ದರೆ ನಾಲ್ಕು ದಿನ ಊಟ ಬಿಡುತ್ತಿದ್ದೆ, ಐದನೇ ದಿನ ಹಸಿವಾಗುತ್ತಿತ್ತು. ಹೇಳಲು ನೀನು ಓದಿರಬೇಕಿತ್ತಲ್ಲ.

ಆವಕ ಪುಸ್ತಕಕ್ಕೆ ಒಳ್ಳೇ ರಟ್ಟು ಹಾಕಿ ಕಳಿಸಿಕೊಟ್ಟೆ. ನಿನಗೆ ಫೋನ್ ಮಾಡಲಿಲ್ಲ, ಅಳಲಿಲ್ಲ. ಅಕ್ಟೋಬರಿನಲ್ಲಿ ನಿನ್ನ ಕಾದಂಬರಿಯ ಹಾಳೆಗಳು ಬೈಂಡಿಂಗಿಗೆ ನನ್ನಲ್ಲಿಗೇ ಬಂದವು. ನೀನೇ ಫೋನ್ ಮಾಡಿ, ನಿನ್ನ ಕೈಯಿಂದಲೇ ಆಗಬೇಕು ಕಣೇ, ನೀನಲ್ಲದೆ ಇನ್ಯಾರು ನನಗೆ, ಅಂದೆ. ಆಗಲಿ, ಚೆನ್ನಾಗಿ ಮಾಡಿಕೊಡ್ತೀನಿ, ಅಂದೆ ನಾನು. ಮಾಡಿಕೊಟ್ಟಿದ್ದೇನೆ.

ಅದರ ಜೊತೆಗೆ ನನ್ನ ಕಾದಂಬರಿಯನ್ನೂ ಅಚ್ಚಿಗೆ ಕೊಟ್ಟೆ. ಮುನ್ನೂರು ಪ್ರತಿ. ಟೀಚರೂ ಇಲ್ಲ, ಕೊನೆಗೆ ಹಚ್ಚಿದ ಬೆಳಕೂ ಇಲ್ಲ, ಮೊದಲಿನ ಮುನ್ನೂರ ಹನ್ನೊಂದು ಪುಟದ ತಕ್ಕಡಿಯವಳೇ. ಪ್ರಕಾಶಕರು ಅನ್ನುವ ಜಾಗದಲ್ಲಿ ನನ್ನ ಬೈಂಡಿಂಗ್ ಮನೆಯ ವಿಳಾಸ. ನೀನು ಹೇಳಿದ ಹಾಗೆ ಇದನ್ನು ಯಾವ ಅಂಗಡಿಯವನೂ ಮುಂದೆ ಇಡುವುದಿಲ್ಲ. ನಾನೇ ಇಡುತ್ತೇನೆ, ನಮ್ಮ ಕೌಂಟರಿನಲ್ಲಿ, ಹಾಜರಿ ಪುಸ್ತಕಗಳ ಪಕ್ಕ. ಆಫೀಸಿಗೆ ದಫ್ತರ ಕೊಳ್ಳಲು ಬಂದ ಗುಮಾಸ್ತರು ಎತ್ತಿ ನೋಡುತ್ತಾರೆ. ಅಷ್ಟು ಸಾಕೋ ಸಾಲದೋ, ವರ್ಷದ ಕೊನೆಗೆ ಗೊತ್ತಾಗುತ್ತದೆ.

ಒಂದು ಸಂಗತಿ ಮಾತ್ರ ನಿನಗೆ ಹೇಳಲೇಬೇಕು. ಫಾರಂ ಮಡಿಚುವ ನಮ್ಮ ದೊಡ್ಡಕ್ಕ, ನಿನ್ನ ಕಾಲದಲ್ಲೂ ಇದ್ದವಳು, ಮೂವತ್ತೈದು ವರ್ಷದಿಂದ ಮಡಿಚಿದ ಕಾಗದವನ್ನು ಒಂದು ದಿನವೂ ಓದಿದವಳಲ್ಲ. ಹೋದ ತಿಂಗಳು ನನ್ನ ಐದನೇ ಫಾರಂ ಮಡಿಚುತ್ತ ಮಡಿಚುತ್ತ ಕೈ ನಿಲ್ಲಿಸಿದಳು. ಕನ್ನಡಕ ಏರಿಸಿ, ತುಟಿ ಆಡಿಸುತ್ತ ಓದಿದಳು. ಎದ್ದು ಬಂದು, ಜೇನಕ್ಕಾ, ಆ ಪತ್ರ ಅವಳು ತೂಕಕ್ಕೆ ಹಾಕ್ತಾಳೋ ಇಟ್ಕೋತಾಳೋ, ಅಂತ ಕೇಳಿದಳು. ಆರನೇ ಫಾರಂ ನಾಳೆ ಬರುತ್ತೆ, ಅಂದೆ. ನಾಳೆ ತನಕ ಹೆಂಗಮ್ಮ ಇರೋದು, ಅಂತ ಗೊಣಗಿಕೊಂಡು ಹೋದಳು. ಆರು ವರ್ಷ ನೀನು ಕೊಡದೇ ಇಟ್ಟುಕೊಂಡದ್ದು ಅದು, ಅಷ್ಟೇ. ದೊಡ್ಡದೇನಲ್ಲ.

ಈಗ ನಿನ್ನ ಪುಸ್ತಕದ ಸಂಗತಿ. ಕೂತುಕೊಂಡು ಓದು.

ನಿನ್ನ ಏಳನೇ ಫಾರಂ ನೂರಹನ್ನೆರಡನೇ ಪುಟಕ್ಕೆ ಮುಗಿಯುತ್ತದೆ. ಕೊನೆಯ ಸಾಲು: ‘ಅವಳು ಬಾಗಿಲು ತೆರೆದಳು, ಹೊಸಿಲಿನಾಚೆ ನಿಂತಿದ್ದದ್ದು.’ ವಾಕ್ಯ ಅರ್ಧ, ಮಿಕ್ಕದ್ದು ಎಂಟನೇ ಫಾರಮಿನಲ್ಲಿ. ನಾನು ನನ್ನ ಕಾದಂಬರಿಯ ಮೊದಲ ಅಧ್ಯಾಯವನ್ನು ನಿನ್ನದೇ ಅಕ್ಷರ, ನಿನ್ನದೇ ಅಳತೆ, ನಿನ್ನದೇ ಕಾಗದದಲ್ಲಿ ಹದಿನಾರು ಪುಟ ಮಾಡಿಸಿದೆ. ಪುಟಸಂಖ್ಯೆಯೂ ನೂರಹದಿಮೂರರಿಂದಲೇ. ಅಲ್ಲಿ ಮೊದಲ ಸಾಲಿಗೇ ನನ್ನ ತಕ್ಕಡಿಯವಳು ಎದ್ದು ನಿಲ್ಲುತ್ತಾಳೆ. ಹದಿನಾರನೇ ಪುಟದ ಕೆಳಗೆ ಸಣ್ಣಕ್ಷರದಲ್ಲಿ, ಮುಂದಿನ ಕಥೆಗೆ ಬೈಂಡಿಂಗ್ ಮನೆಯ ಕೌಂಟರಿನಲ್ಲಿ ವಿಚಾರಿಸಿ, ಅಂತ ಇದೆ. ಇದನ್ನು ನಿನ್ನ ಪುಸ್ತಕಕ್ಕೆ ನನ್ನ ಕೈಯಾರೆ ಹೊಲಿದಿದ್ದೇನೆ. ನಿನ್ನ ಎಂಟನೇ ಫಾರಂ ತೆಗೆದು ಅದರ ಜಾಗದಲ್ಲಿ. ಆದ್ದರಿಂದ ಬೆನ್ನಿನ ದಪ್ಪ ನೋಡಿ ಹುಡುಕುತ್ತೇನೆ ಅನ್ನಬೇಡ, ತೂಗಿ ನೋಡಿದರೂ ಸಿಗುವುದಿಲ್ಲ. ನಮ್ಮಮ್ಮನಿಗೂ ಸಿಗುತ್ತಿರಲಿಲ್ಲ.

ಗಾಬರಿಯಾಗಬೇಡ. ಸಾವಿರಕ್ಕೆ ಸಾವಿರದಲ್ಲಿ ಅಲ್ಲ. ಸಾವಿರದಲ್ಲಿ ಒಂದು.

ಎಲ್ಲದರಲ್ಲೂ ಹಾಕಿದ್ದರೆ ನಿನಗೆ ಸುಲಭವಾಗುತ್ತಿತ್ತು. ಬೈಂಡರ್ ತಪ್ಪು ಮಾಡಿದಳು ಅಂತ ಬಿಡುಗಡೆ ಮುಂದಕ್ಕೆ ಹಾಕುತ್ತಿದ್ದೆ, ಇನ್ನೊಮ್ಮೆ ಜೇನಿನ ಮೇಲೆ ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಒಂದಕ್ಕೆ ಹಾಗೆ ಮಾಡಲು ಬರುವುದಿಲ್ಲ. ಒಂದನ್ನು ಹುಡುಕಬೇಕು. ಯಾರಿಗೂ ಹೇಳದೆ ಹುಡುಕಬೇಕು, ಯಾಕೆಂದರೆ ದೊಡ್ಡವರು ಇದು ಯಾರ ಕಥೆ, ಹೇಗೆ ಬಂತು ಅಂತ ಕೇಳಿದರೆ ನಾನು ಅವರಿಗೆ ತೋರಿಸುವುದು ಅವರದೇ ಆವಕ ಪುಸ್ತಕವನ್ನು, ನನ್ನ ಆರು ಕ್ಯಾಲೆಂಡರುಗಳನ್ನು. ಅರ್ಧ ಓದಿದ್ದೀರಂತಲ್ಲ ಸಾರ್, ಎಲ್ಲಿತನಕ ಬಂದಿತ್ತು, ಅಂತ ಕೇಳುತ್ತೇನೆ.

ನಿಮ್ಮ ಪ್ರಕಾಶನದ ಪದ್ಧತಿಯೂ ನನಗೆ ಗೊತ್ತು. ಬಿಡುಗಡೆಯ ದಿನ ಮುಖ್ಯ ಅತಿಥಿಗಳು ರಾಶಿಯಿಂದ ತಮಗೆ ತೋಚಿದ ಪ್ರತಿ ಎತ್ತಿ, ತೆರೆದುಕೊಂಡ ಪುಟವನ್ನು ಸಭೆಗೆ ಗಟ್ಟಿಯಾಗಿ ಓದುತ್ತಾರೆ. ಹೊಸ ಪುಸ್ತಕ ತನ್ನಿಷ್ಟಕ್ಕೆ ತೆರೆದುಕೊಳ್ಳುವುದಿಲ್ಲ, ಬೈಂಡರ್ ಇಷ್ಟಕ್ಕೆ ತೆರೆದುಕೊಳ್ಳುತ್ತದೆ. ಗೋಂದು ಹಸಿ ಇರುವಾಗ ಎಲ್ಲಿ ಬಿಡಿಸಿ ಒತ್ತುತ್ತೇವೋ ಅದರ ಬೆನ್ನು ಅಲ್ಲೇ ಸಡಿಲ. ನಿನ್ನ ಸಾವಿರಕ್ಕೆ ಸಾವಿರವನ್ನೂ ನೂರಹದಿಮೂರರಲ್ಲಿ ಬಿಡಿಸಿ ಒತ್ತಿದ್ದೇನೆ. ನಿನಗೆ ಹುಡುಕಲು ಅನುಕೂಲವಾಗಲಿ ಅಂತ. ಅತಿ ಜಾಣೆ, ಅತಿಥಿಗೆ ಮೊದಲೇ ನೋಡಿಟ್ಟ ಒಂದು ಪ್ರತಿ ಕೈಗೆ ಕೊಟ್ಟು ಪಾರಾಗುತ್ತೀಯ, ಗೊತ್ತು. ಸಭೆಯವರು ಕೊಂಡದ್ದು? ಪತ್ರಿಕೆಗಳಿಗೆ ಹೋದದ್ದು? ಲೈಬ್ರರಿಗಳಿಗೆ ಹೋದದ್ದು? ಪ್ರತಿ ಸಲ ಯಾರಾದರೂ ನಿನ್ನ ಕಾದಂಬರಿ ಓದಿದೆ ಅಂದಾಗ ಅವರ ಮುಖ ನೋಡಬೇಕಾಗುತ್ತದೆ, ಓದಿದ್ದು ನಿನ್ನದೋ ನನ್ನದೋ ಅಂತ. ಎಲ್ಲಕ್ಕಿಂತ ಕಷ್ಟ ಯಾವುದು ಗೊತ್ತೇನೇ? ಆ ನೂರಹದಿಮೂರನೇ ಪುಟದಿಂದ ಪುಸ್ತಕ ಚೆನ್ನಾಗಿದೆ, ಅಂತ ಯಾರಾದರೂ ಅಂದರೆ.

ಲೆಕ್ಕ ಹಾಕಿಕೊಟ್ಟಿದ್ದೇನೆ. ಒಂದು ಪುಸ್ತಕ ಎತ್ತಿ, ತೆರೆದು, ನೋಡಿ, ಇಡಲು ಅರ್ಧ ನಿಮಿಷ. ಗೋದಾಮಿನಲ್ಲಿರುವಷ್ಟಕ್ಕೆ ಎಂಟು ಗಂಟೆ ಚಿಲ್ಲರೆ, ಕಟ್ಟು ಬಿಚ್ಚಿ ಕಟ್ಟುವುದು ಬೇರೆ. ಈ ಪತ್ರ ಶುಕ್ರವಾರ ಬೆಳಿಗ್ಗೆ ನಿನ್ನ ಕೈ ಸೇರುತ್ತದೆ. ಸೆರಗು ಬಿಗಿದರೆ ಸಂಜೆಗೆ ಮುಗಿಯುತ್ತದೆ. ಮೇಜು ಸುತ್ತಿ ಅಭ್ಯಾಸವಿದ್ದ ಕಾಲುಗಳು ನಿನ್ನವು, ತಪ್ಪಿಲ್ಲದ ಕೈ ಬೇರೆ. ಅದು ಸಿಕ್ಕಿತು ಅಂದುಕೋ, ಆಗ ಅದು ಹೌದೋ ಅಲ್ಲವೋ ಅಂತ ತಿಳಿಯಲು ನಾಲ್ಕು ಸಾಲಾದರೂ ಓದಲೇಬೇಕಾಗುತ್ತದೆ. ನನ್ನ ಏಜೆಂಟ್ ನನ್ನ ಕಾದಂಬರಿಯನ್ನು ಓದುವುದಕ್ಕೆ ಇಷ್ಟೆಲ್ಲ ಸರ್ಕಸ್ ಬೇಕಾಯಿತು ನೋಡು.

ಅದು ಯಾವ ಕಟ್ಟಿನಲ್ಲಿದೆ ಅಂತ ಕೇಳಲು ಫೋನ್ ಮಾಡಬೇಡ. ಯಾವ ಕಟ್ಟಿನಲ್ಲಿದೆ ಅಂತ ನಾನು ಹೇಳಲಾರೆ, ಮತ್ತು ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಕ್ಷಮಿಸು ಅಂತ ಹೇಳಲೂ ಫೋನ್ ಮಾಡಬೇಡ. ಶನಿವಾರ ನಾನು ಸಭೆಗೆ ಬರುವುದಿಲ್ಲ. ಅವತ್ತು ನನ್ನ ಕೌಂಟರಿನಲ್ಲೂ ಒಂದು ಬಿಡುಗಡೆ ಇದೆ, ದೊಡ್ಡಕ್ಕನೇ ಮುಖ್ಯ ಅತಿಥಿ.

ಹೇಳಲು ಮರೆತ ಮಾತೊಂದು ಇತ್ತು. ಅದನ್ನು ಬೇರೆ ಚೀಟಿಯಲ್ಲಿ ಬರೆದು ಇಡಬೇಕಾದ ಕಡೆ ಇಟ್ಟಿದ್ದೇನೆ.

ನಿನ್ನ ತಪ್ಪಿನ ಹೆಸರನ್ನು ಇಪ್ಪತ್ತೆಂಟು ವರ್ಷದಿಂದ ಹೊತ್ತಿರುವ
ಜೇನು

ಮರೆತ ಮಾತು:

ಈ ಚೀಟಿ ನಿನಗೆ ಸಿಕ್ಕಿದೆ ಅಂದರೆ, ಕಂದು ಕಾಗದದ ಗಂಟನ್ನು ಕೊನೆಗೂ ಬಿಚ್ಚಿದ್ದೀಯ, ನಿನ್ನ ಮನೆಗೆ ಕಳಿಸಿದ ಪ್ರತಿ ನೂರಹದಿಮೂರರಲ್ಲಿ ತೆರೆದುಕೊಂಡಿದೆ, ತಕ್ಕಡಿಯವಳು ನಿನ್ನ ಮುಂದೆ ನಿಂತಿದ್ದಾಳೆ. ಹೌದು, ಆ ಒಂದು ಇದೇ. ಗೋದಾಮಿನಲ್ಲಿರುವ ಒಂಬೈನೂರ ತೊಂಬತ್ತೊಂಬತ್ತೂ ಅಚ್ಚುಕಟ್ಟಾಗಿವೆ, ಒಂದೊಂದನ್ನೂ ನಾನೇ ನೋಡಿದ್ದೇನೆ. ನನ್ನ ಗೇಟಿನಿಂದ ತಪ್ಪು ಬೈಂಡಿಂಗ್ ಆಚೆ ಹೋಗುವುದಿಲ್ಲ. ನಿನ್ನ ಮಡಿಲಿಗೇ ಹಾಕಿದ್ದೆ. ಪತ್ರ ಓದುವ ಮೊದಲು ಗಂಟು ಬಿಚ್ಚಿದ್ದರೆ, ಅಥವಾ ಓದಿದ ಮೇಲೆ ಪಕ್ಕಕ್ಕೆ ಕೈ ಚಾಚಿದ್ದರೆ, ಅರ್ಧ ನಿಮಿಷದ ಕೆಲಸ. ಆದರೆ ನಾನು ಕಳಿಸಿದ್ದನ್ನು ನೀನು ಬಿಚ್ಚುವುದಿಲ್ಲ ಅಂತ ಆರು ವರ್ಷದ ಅನುಭವದ ಮೇಲೆ ಪಂದ್ಯ ಕಟ್ಟಿದ್ದೇನೆ.

ಗೋದಾಮಿಗೆ ಓಡುವ ಮೊದಲು ಇದು ಸಿಕ್ಕಿತೋ, ಕಟ್ಟುಗಳನ್ನೆಲ್ಲ ಬಿಚ್ಚಿ ಮುಗಿದ ಮೇಲೆ ಸಿಕ್ಕಿತೋ, ತಾರೀಖು ಮಾತ್ರ ಒಂದು ಸಾಲು ಬರೆದು ತಿಳಿಸು. ನಾನೂ ಒಂದು ಆವಕ ಪುಸ್ತಕ ಇಟ್ಟಿದ್ದೇನೆ. ಮೊದಲನೇ ಸಾಲನ್ನು ನಿನಗಾಗಿ ಖಾಲಿ ಬಿಟ್ಟಿದ್ದೇನೆ.